ಚಿಕ್ಕಪೇಟೆಯೋ, ತಿರುಪ್ಪೂರೋ, ಸೂರತ್ತೋ: ಕರಾವಳಿಯ ಹೊಸ ಬಟ್ಟೆ ಅಂಗಡಿಗೆ ಸರಕು ಎಲ್ಲಿಂದ?

ಮಂಗಳೂರು, ಉಡುಪಿ, ಕುಂದಾಪುರ ಕಡೆ ಹೊಸದಾಗಿ ಬಟ್ಟೆ ಅಂಗಡಿ ತೆರೆಯಲು ಹೊರಟವರು ಯಾವುದೋ ಒಂದು ಊರಿನ ಹೆಸರನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ಮಾತಿಗೆ ಬರುತ್ತಾರೆ. ಒಬ್ಬರು ಸೂರತ್ತಿನ ಸೀರೆಯ ದರ ಕೇಳಿ ಬಂದಿರುತ್ತಾರೆ. ಇನ್ನೊಬ್ಬರ ಭಾವನೋ ಮೈದುನನೋ ತಿರುಪ್ಪೂರಿನಿಂದ ಟೀ ಶರ್ಟ್ ತಂದು ಚೆನ್ನಾಗಿ ಮಾರಿರುತ್ತಾನೆ. ಮನೆಯ ಹಿರಿಯರು ಮಾತ್ರ ಬೆಂಗಳೂರಿನ ಚಿಕ್ಕಪೇಟೆಯೇ ಸಾಕು, ರಾತ್ರಿ ಬಸ್ಸಿಗೆ ಹೋಗಿ ಮರುದಿನ ರಾತ್ರಿ ಬಸ್ಸಿಗೆ ಬಂದುಬಿಡಿ ಎನ್ನುತ್ತಾರೆ. ಎಲ್ಲರೂ ಕೇಳುವ ಪ್ರಶ್ನೆ ಮಾತ್ರ ಒಂದೇ: ಎಲ್ಲಿ ಅಗ್ಗ?

ನನ್ನ ಅಭಿಪ್ರಾಯದಲ್ಲಿ ಆ ಪ್ರಶ್ನೆಯನ್ನು ಎರಡನೆಯ ಸ್ಥಾನಕ್ಕೆ ಇಳಿಸಬೇಕು. ಮೊದಲು ಕೇಳಬೇಕಾದದ್ದು, ಖಾಲಿಯಾದ ಸರಕನ್ನು ಎಷ್ಟು ಬೇಗ, ಎಷ್ಟು ಸಣ್ಣ ಪ್ರಮಾಣದಲ್ಲಿ ಮತ್ತೆ ತರಲು ಸಾಧ್ಯ ಎಂದು. ಹೊಸ ಅಂಗಡಿಗೆ ತನ್ನ ಗಿರಾಕಿ ಯಾರೆಂದೇ ಇನ್ನೂ ಗೊತ್ತಿರುವುದಿಲ್ಲ. ಮಣಿಪಾಲದ ರಸ್ತೆಯಲ್ಲಿ ಹೋಗುವ ಬಟ್ಟೆಗೂ ಕಾರ್ಕಳದ ಪೇಟೆಯಲ್ಲಿ ಹೋಗುವ ಬಟ್ಟೆಗೂ ಸಂಬಂಧವಿಲ್ಲ. ಅದು ತಿಳಿಯುವವರೆಗೆ ದೊಡ್ಡ ಬಂಡಲ್ ಕಟ್ಟಿಸಿಕೊಂಡು ಬಂದರೆ ಬಂಡವಾಳವೆಲ್ಲ ಕಪಾಟಿನಲ್ಲಿ ಮಡಚಿ ಕುಳಿತುಬಿಡುತ್ತದೆ.

ಯಾವುದನ್ನು ಅಳೆಯಬೇಕು

ಮೊದಲ ಅಳತೆ ಸರಕಿನ ಬಗೆ. ಯಾವ ಮಾರುಕಟ್ಟೆಯೂ ಎಲ್ಲ ಬಟ್ಟೆಗೂ ಮೂಲವಲ್ಲ. ಹೆಣಿಗೆಯ ಬಟ್ಟೆ, ಅಂದರೆ ಟೀ ಶರ್ಟ್, ಲೆಗ್ಗಿಂಗ್ಸ್, ಒಳಉಡುಪು ತಿರುಪ್ಪೂರಿನದು. ಪಾಲಿಯೆಸ್ಟರ್, ಜಾರ್ಜೆಟ್, ಶಿಫಾನ್ ಸೀರೆಗಳು ಸೂರತ್ತಿನವು. ಲುಂಗಿ, ಪಂಚೆ, ಟವೆಲ್, ಬೆಡ್‌ಶೀಟ್ ಈರೋಡಿನ ಕಡೆಯವು. ಜೀನ್ಸ್ ಬೇಕಾದರೆ ನಮ್ಮ ರಾಜ್ಯದ ಬಳ್ಳಾರಿಯೇ ಇದೆ. ಹತ್ತಿಯ ಅಚ್ಚು ಬಟ್ಟೆಗೆ ಜೈಪುರದ ಸಾಂಗಾನೇರ್ ಮತ್ತು ಬಗರೂ ಹೆಸರುವಾಸಿ. ನಮ್ಮ ಕಡೆ ಮಳೆ ಬಿಸಿಲೆನ್ನದೆ ವರ್ಷವಿಡೀ ಹೋಗುವ ಹತ್ತಿ ನೈಟಿಯ ಬಟ್ಟೆ ಗುಜರಾತಿನ ಜೇತ್‌ಪುರದಂಥ ಊರುಗಳಲ್ಲಿ ಅಚ್ಚಾಗುತ್ತದೆ. ಮೂಲದ ಊರಿನಲ್ಲಿ ದರ ಇಳಿಯುತ್ತದೆ, ಆಯ್ಕೆ ಹೆಚ್ಚುತ್ತದೆ. ಜೊತೆಗೆ ಕನಿಷ್ಠ ಖರೀದಿಯ ಪ್ರಮಾಣವೂ ಹೆಚ್ಚುತ್ತದೆ, ಇದನ್ನು ಮರೆಯಬಾರದು.

ಎರಡನೆಯದು ಆ ಕನಿಷ್ಠ ಖರೀದಿ. ಸಗಟಿನಲ್ಲಿ ಕುರ್ತಿಯನ್ನು ಬಿಡಿಯಾಗಿ ಕೊಡುವುದಿಲ್ಲ, ಸೆಟ್ಟಿನಲ್ಲಿ ಕೊಡುತ್ತಾರೆ: ಎಂ, ಎಲ್, ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ಒಂದೊಂದು. ಕೆಲವರು ಪ್ರತಿ ಬಣ್ಣಕ್ಕೂ ಸೆಟ್ ತೆಗೆದುಕೊಳ್ಳಲೇಬೇಕು ಎನ್ನುತ್ತಾರೆ. ಸೀರೆಯಾದರೆ ಆರೋ ಎಂಟೋ ಬಣ್ಣಗಳ ಕ್ಯಾಟಲಾಗ್ ಇಡಿಯಾಗಿ ಎತ್ತಬೇಕು. ಅದರಲ್ಲಿ ನಿಮ್ಮ ಊರಿನಲ್ಲಿ ಯಾರೂ ಮುಟ್ಟದ ಎರಡು ಬಣ್ಣ ಇದ್ದೇ ಇರುತ್ತವೆ.

ಮೂರನೆಯದು ಅಂಗಡಿಯ ಬಾಗಿಲಿಗೆ ಬಂದು ಬೀಳುವ ದರ. ಬಿಲ್ಲಿನ ದರಕ್ಕೆ ಪ್ರಯಾಣ, ವಸತಿ, ಲಾರಿ ಬಾಡಿಗೆ, ಹಮಾಲಿ, ದಲಾಲಿ ಇದ್ದರೆ ದಲಾಲಿ, ಎಲ್ಲವನ್ನೂ ಸೇರಿಸಿ ಪೀಸಿನ ಲೆಕ್ಕ ಹಾಕಿದರೆ ಮಾತ್ರ ನಿಜ ತಿಳಿಯುತ್ತದೆ. ಆಮೇಲೆ ಬರುವವು ಬದಲಿ ಮತ್ತು ವಾಪಸಾತಿಯ ಸೌಲಭ್ಯ, ಉದ್ರಿ ಸಿಗುವ ಸಾಧ್ಯತೆ, ಭಾಷೆ. ಕರಾವಳಿಯವರಿಗೆ ಇನ್ನೊಂದು ಇದೆ: ಬಟ್ಟೆ ನಮ್ಮ ಹವೆಗೆ ತಾಳುತ್ತದೆಯೇ ಎಂಬುದು.

ಒಂದು ಲೆಕ್ಕ

ಅಗ್ಗದ ಮಾತು ಎಲ್ಲಿ ತಪ್ಪುತ್ತದೆ ಎಂಬುದನ್ನು ಅಂಕಿಗಳಲ್ಲೇ ನೋಡೋಣ. ಇವು ಲೆಕ್ಕಕ್ಕಾಗಿ ಹಿಡಿದ ಅಂಕಿಗಳು, ಮಾರುಕಟ್ಟೆಯ ಇಂದಿನ ದರವಲ್ಲ. ನೀವು ವಿಚಾರಿಸಿದ ದರಗಳನ್ನು ಇದೇ ಜಾಗದಲ್ಲಿ ಇಟ್ಟು ನೋಡಿ.

ಒಂದೇ ಗುಣಮಟ್ಟದ ಕುರ್ತಿಗೆ ಸೂರತ್ತಿನಲ್ಲಿ 260 ರೂಪಾಯಿ, ಬೆಂಗಳೂರಿನಲ್ಲಿ 310 ರೂಪಾಯಿ ಎಂದಿಟ್ಟುಕೊಳ್ಳಿ. ನೂರು ಪೀಸಿಗೆ ಸೂರತ್ತಿನ ಬಿಲ್ 26,000. ಹೋಗಿ ಬರುವ ಖರ್ಚು 6,000, ಲಾರಿ ಬಾಡಿಗೆ 1,500 ಸೇರಿದರೆ 33,500, ಪೀಸಿಗೆ 335. ಬೆಂಗಳೂರಿನ ಬಿಲ್ 31,000. ಪ್ರಯಾಣ 2,000, ಬಾಡಿಗೆ 600 ಸೇರಿದರೆ 33,600, ಪೀಸಿಗೆ 336. ಐವತ್ತು ರೂಪಾಯಿಯ ವ್ಯತ್ಯಾಸ ದಾರಿಯಲ್ಲೇ ಕರಗಿಹೋಯಿತು.

ಹಾಗಾದರೆ ಸೂರತ್ತಿನಿಂದ ಒಮ್ಮೆಗೇ ಮುನ್ನೂರು ಪೀಸು ತಂದರೆ? ಬಿಲ್ 78,000, ಪ್ರಯಾಣ ಅದೇ 6,000, ಬಾಡಿಗೆ 3,000. ಒಟ್ಟು 87,000, ಪೀಸಿಗೆ 290. ಇದು ಚೆಂದದ ದರ. ಆದರೆ ಊರಿನ ರುಚಿ ತಿಳಿಯದೆ ತಂದ ಮುನ್ನೂರರಲ್ಲಿ ಅರುವತ್ತು ಉಳಿದುಬಿಟ್ಟರೆ, ಮಾರಿದ 240 ಪೀಸಿನ ಮೇಲೆ ಬೀಳುವ ನಿಜವಾದ ದರ 362 ರೂಪಾಯಿ 50 ಪೈಸೆ. ಬೆಂಗಳೂರಿಗೆ ಮೂರು ಸಲ ಹೋಗಿ ನೂರು ನೂರು ತಂದರೆ ಒಟ್ಟು 1,00,800 ಆಗುತ್ತದೆ. ಪ್ರತಿ ಸಲ ಹೋಗುವಾಗಲೂ ಯಾವುದು ಹೋಯಿತು, ಯಾವುದು ನಿಂತಿತು ಎಂದು ನೋಡಿ ತರುವುದರಿಂದ ಉಳಿಕೆ ಕಡಿಮೆ. ಹದಿನೈದು ಉಳಿಯಿತು ಎನ್ನಿ. 285ರ ಮೇಲೆ ಹಂಚಿದರೆ ಪೀಸಿಗೆ ಸುಮಾರು 354. ದುಬಾರಿ ಎನಿಸಿದ ಮಾರುಕಟ್ಟೆಯೇ ಇಲ್ಲಿ ಅಗ್ಗವಾಯಿತು. ಹೂಡಿದ ಹಣವೂ ಮೂರು ಸಲ ತಿರುಗಿತು.

ಅದೇ ಅಂಗಡಿ ಎರಡು ವರ್ಷ ನಡೆದು, ಉಳಿಕೆ ಮುನ್ನೂರಕ್ಕೆ ಇಪ್ಪತ್ತರೊಳಗೆ ಬಂತು ಎಂದರೆ ಸೂರತ್ತಿನ ದರ 311 ಆಗುತ್ತದೆ. ಆಗ ಸೂರತ್ತಿಗೆ ಹೋಗದೆ ಇರುವುದೇ ನಷ್ಟ.

ಬೆಂಗಳೂರಿನ ಚಿಕ್ಕಪೇಟೆ

ಮಂಗಳೂರಿನಿಂದ ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು, ಹಸಿರು ಮಾರ್ಗದ ಮೆಟ್ರೋದಲ್ಲಿ ಮುಂದಿನ ನಿಲ್ದಾಣಕ್ಕೇ ಚಿಕ್ಕಪೇಟೆ. ಸೀರೆ, ಕುರ್ತಿ, ಮಕ್ಕಳ ಬಟ್ಟೆ, ಗಂಡಸರ ಶರ್ಟ್ ಎಲ್ಲವೂ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಸಂಜೆಯೊಳಗೆ ಖರೀದಿ ಮುಗಿಸಿ ಪಾರ್ಸೆಲ್ ಕಚೇರಿಗೆ ಹಾಕಿದರೆ ಸರಕು ಒಂದೆರಡು ದಿನದಲ್ಲಿ ಊರಿಗೆ ಬರುತ್ತದೆ.

ಇಲ್ಲಿನ ಬಹಳಷ್ಟು ವರ್ತಕರು ತಯಾರಕರಲ್ಲ. ಅವರೂ ಸೂರತ್, ಅಹಮದಾಬಾದ್, ಜೈಪುರ, ಕೋಲ್ಕತ್ತಗಳಿಂದ ತರಿಸಿದ್ದನ್ನೇ ಮಾರುತ್ತಾರೆ, ಆದ್ದರಿಂದ ಒಂದು ಕೈಯ ಲಾಭ ದರದಲ್ಲಿ ಸೇರಿರುತ್ತದೆ. ಆ ಹೆಚ್ಚುವರಿಗೆ ಪ್ರತಿಯಾಗಿ ನಿಮಗೆ ಸಿಗುವುದು ಸಣ್ಣ ಪ್ರಮಾಣ, ಕನ್ನಡದಲ್ಲಿ ಮಾತು, ಮತ್ತು ಕಾಲಕ್ರಮದಲ್ಲಿ ಒಂದು ಸಂಬಂಧ. ನಾಲ್ಕಾರು ಸಲ ನಗದು ಕೊಟ್ಟು ಒಂದೇ ಅಂಗಡಿಯಲ್ಲಿ ಖರೀದಿಸಿದವರಿಗೆ ಹೋಗದ ಬಣ್ಣವನ್ನು ಬದಲಿಸಿಕೊಡುವ ವರ್ತಕರು ಸಿಗುತ್ತಾರೆ. ಫೋನಿನಲ್ಲಿ ಹೇಳಿದರೆ ಪಾರ್ಸೆಲ್ ಹಾಕಿಬಿಡುತ್ತಾರೆ. ಮುಂದೆ ಉದ್ರಿಯೂ ಹುಟ್ಟುತ್ತದೆ. ಹೀಗಾಗಿ ದಿನಕ್ಕೆ ಇಪ್ಪತ್ತು ಅಂಗಡಿ ಹತ್ತಿ ಇಳಿಯುವುದಕ್ಕಿಂತ, ಮೊದಲ ಸುತ್ತಿನಲ್ಲಿ ದರ ವಿಚಾರಿಸಿ ಮೂರು ನಾಲ್ಕು ಅಂಗಡಿಗಳನ್ನು ಗಟ್ಟಿ ಮಾಡಿಕೊಳ್ಳುವುದು ಮೇಲು. ಚಿಲ್ಲರೆ ಗಿರಾಕಿಗೂ ಮಾರುವ ಅಂಗಡಿಗಳು ಅಲ್ಲಿ ಬೇಕಾದಷ್ಟಿವೆ. ಅಲ್ಲಿ ಹೇಳುವ "ಹೋಲ್‌ಸೇಲ್ ದರ" ನಿಮಗೆ ಬೇಕಾದ ದರವಲ್ಲ. ಜಿಎಸ್‌ಟಿ ಸಂಖ್ಯೆ ಅಥವಾ ಅಂಗಡಿಯ ವಿಸಿಟಿಂಗ್ ಕಾರ್ಡ್ ಮುಂದಿಟ್ಟು ಮಾತಾಡಿದರೆ ದನಿಯೇ ಬದಲಾಗುತ್ತದೆ.

ಒಂದು ಎಚ್ಚರಿಕೆ: ಜುಲೈ, ಆಗಸ್ಟ್‌ನಲ್ಲಿ ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದರೆ ಈ ವೇಗವೆಲ್ಲ ನಿಂತುಹೋಗುತ್ತದೆ. ಅಷ್ಟಮಿ, ಚೌತಿಗೆ ಬೇಕಾದ ಸರಕನ್ನು ಕೊನೆಯ ವಾರಕ್ಕೆ ಬಿಡಬೇಡಿ.

ತಿರುಪ್ಪೂರು ಮತ್ತು ಈರೋಡ್

ಇವೆರಡನ್ನು ಒಟ್ಟಿಗೆ ನೋಡಬೇಕು, ಯಾಕೆಂದರೆ ನಡುವಿನ ದೂರ ಸುಮಾರು 50 ಕಿಲೋಮೀಟರ್ ಅಷ್ಟೇ. ಮಂಗಳೂರು ಸೆಂಟ್ರಲ್‌ನಿಂದ ಚೆನ್ನೈಗೆ ಹೋಗುವ ವೆಸ್ಟ್ ಕೋಸ್ಟ್ ಎಕ್ಸ್‌ಪ್ರೆಸ್ ಎರಡೂ ಊರುಗಳ ಮೂಲಕವೇ ಸಾಗುತ್ತದೆ. ಈರೋಡಿನ ಗಣಿ ಮಾರ್ಕೆಟ್ಟಿನ ವಾರದ ಸಂತೆ ಸೋಮವಾರ ರಾತ್ರಿ ಶುರುವಾಗಿ ಮಂಗಳವಾರ ನಡೆಯುತ್ತದೆ. ಅದಕ್ಕೆ ಹೊಂದಿಸಿ ಪ್ರಯಾಣ ಇಟ್ಟುಕೊಂಡರೆ ಒಂದೇ ಖರ್ಚಿನಲ್ಲಿ ಎರಡು ಮಾರುಕಟ್ಟೆ.

ಕರಾವಳಿಯ ಸೆಕೆಗೆ ಹತ್ತಿಯ ಹೆಣಿಗೆ ಬಟ್ಟೆಯಷ್ಟು ಒಪ್ಪುವುದು ಬೇರೊಂದಿಲ್ಲ. ಸುರತ್ಕಲ್, ಮಣಿಪಾಲ, ದೇರಳಕಟ್ಟೆಯಂಥ ವಿದ್ಯಾರ್ಥಿಗಳ ಊರಿನಲ್ಲಿ ಅಂಗಡಿ ಇಡುವವರು ತಿರುಪ್ಪೂರನ್ನು ಬಿಟ್ಟು ಯೋಚಿಸುವಂತೆಯೇ ಇಲ್ಲ. ಟೀ ಶರ್ಟ್ ಕೊಳ್ಳುವಾಗ ಜಿಎಸ್‌ಎಂ ಎಷ್ಟು ಎಂದು ಕೇಳಿ. ಚದರ ಮೀಟರಿಗೆ ಎಷ್ಟು ಗ್ರಾಂ ಬಟ್ಟೆ ಎಂಬುದರ ಲೆಕ್ಕ ಅದು. ದಿನಬಳಕೆಯ ದುಂಡು ಕುತ್ತಿಗೆಯ ಟೀ ಶರ್ಟಿಗೆ 160ರಿಂದ 180 ನಮ್ಮ ಹವೆಗೆ ಹಿತ. ಇನ್ನೂರು ದಾಟಿದರೆ ನೋಡಲು ಚೆಂದ, ಏಪ್ರಿಲ್‌ನಲ್ಲಿ ಹಾಕಿಕೊಳ್ಳುವವರಿಲ್ಲ, ಮಳೆಗಾಲದಲ್ಲಿ ಒಣಗುವುದೂ ಇಲ್ಲ. ಒಂದು ಪೀಸನ್ನು ಮೊದಲೇ ಕೊಂಡು ಮನೆಯಲ್ಲಿ ಮೂರು ನಾಲ್ಕು ಸಲ ಒಗೆದು ಉದ್ದವನ್ನು ಅಳೆಯಿರಿ. ಕುಗ್ಗುವಿಕೆ, ಬಣ್ಣ ಬಿಡುವುದು, ಪಕ್ಕದ ಹೊಲಿಗೆ ತಿರುಚಿಕೊಳ್ಳುವುದು ಎಲ್ಲವೂ ಅಲ್ಲೇ ಗೊತ್ತಾಗುತ್ತದೆ.

ತಿರುಪ್ಪೂರಿನ ಖಾದರ್‌ಪೇಟೆಯಲ್ಲಿ ರಫ್ತಿನಿಂದ ಉಳಿದ ಸರಕು ಬಹಳ ಕಡಿಮೆ ದರಕ್ಕೆ ಸಿಗುತ್ತದೆ. ಆಸೆ ಹುಟ್ಟಿಸುವ ದರ. ಆದರೆ ಆ ಲಾಟಿನಲ್ಲಿ ವಿದೇಶದ ಅಳತೆಗಳಿರುತ್ತವೆ, ಸೈಜುಗಳ ಹಂಚಿಕೆ ಸಮವಾಗಿರುವುದಿಲ್ಲ, ಕೆಲವು ಪೀಸಿನಲ್ಲಿ ಸೂಜಿಯ ತೂತು ಅಥವಾ ಕಲೆ ಇರುತ್ತದೆ. ಮುಖ್ಯವಾಗಿ, ಮುಗಿದರೆ ಮುಗಿಯಿತು. ಅದೇ ಪೀಸು ಇನ್ನೊಮ್ಮೆ ಸಿಗದು. ತೆರೆಯುವ ದಿನದ ರಿಯಾಯಿತಿ ಮಾರಾಟಕ್ಕೆ ಇದು ಒಳ್ಳೆಯದು, ಅಂಗಡಿಯ ಆಧಾರವಾಗಿ ಅಲ್ಲ. ನಿಮ್ಮದೇ ಹೆಸರಿನ ಲೇಬಲ್ ಹಾಕಿಸಬೇಕೆಂದಿದ್ದರೆ ಮಾತ್ರ ತಿರುಪ್ಪೂರಿನ ಸಣ್ಣ ಘಟಕಗಳ ಜೊತೆ ನೇರ ಮಾತಾಡಿ. ಅವರು ಬಣ್ಣಕ್ಕೆ ಇಷ್ಟು ಎಂದು ಕನಿಷ್ಠ ಪ್ರಮಾಣ ಹೇಳುತ್ತಾರೆ. ಮೊದಲ ವರ್ಷ ಅದು ಭಾರವೇ.

ಸೂರತ್

ಸೂರತ್ತಿನ ರಿಂಗ್ ರೋಡಿನ ಮಾರುಕಟ್ಟೆಗಳನ್ನು ನೋಡದವರಿಗೆ ಅದರ ಗಾತ್ರ ಊಹೆಗೆ ಸಿಗುವುದಿಲ್ಲ. ಒಂದೊಂದು ಕಟ್ಟಡದಲ್ಲೂ ನೂರಾರು ಮಳಿಗೆಗಳು. ಕೃತಕ ನೂಲಿನ ಸೀರೆ ಮತ್ತು ಡ್ರೆಸ್ ಮೆಟೀರಿಯಲ್‌ಗೆ ದೇಶದಲ್ಲಿ ಇದಕ್ಕೆ ಸಾಟಿ ಇಲ್ಲ. ಕೊಂಕಣ ರೈಲು ಮಾರ್ಗದಲ್ಲಿ ಗುಜರಾತಿನ ಕಡೆ ಹೋಗುವ ರೈಲುಗಳು ಸೂರತ್ತಿನ ಮೂಲಕ ಹೋಗುವುದರಿಂದ ನಮ್ಮವರಿಗೆ ದಾರಿ ಸುಲಭ, ಆದರೆ ಅವುಗಳಲ್ಲಿ ಒಂದೊಂದೂ ಓಡುವುದು ವಾರದ ಕೆಲವೇ ದಿನ. ಮಳೆಗಾಲದ ವೇಳಾಪಟ್ಟಿಯಲ್ಲಿ ಪ್ರಯಾಣ ಇನ್ನಷ್ಟು ನಿಧಾನ. ಲಾರಿಯಲ್ಲಿ ಹಾಕಿದ ಸರಕು ಬರಲು ಸುಮಾರು ಒಂದು ವಾರ ಇಟ್ಟುಕೊಳ್ಳಬೇಕು. ಉಡುಪಿಯವರಾದರೆ ಆ ಸಾರಿಗೆ ಸಂಸ್ಥೆಗೆ ಉಡುಪಿಯಲ್ಲೇ ಶಾಖೆ ಇದೆಯೇ ಎಂದು ಬುಕ್ ಮಾಡುವ ಮೊದಲೇ ಕೇಳಿ; ಇಲ್ಲದಿದ್ದರೆ ಮಂಗಳೂರಿನಿಂದ ತರುವ ಟೆಂಪೋ ಬಾಡಿಗೆ ಬೇರೆ.

ಕೊಳ್ಳುವಾಗ ಸೀರೆಯ ಉದ್ದವನ್ನು ಅಳೆಸಿ ನೋಡಿ. ಐದೂವರೆ ಮೀಟರ್ ಸೀರೆ, ಅದರಾಚೆ ಸುಮಾರು 80 ಸೆಂಟಿಮೀಟರ್ ರವಿಕೆ ಕಣ ಇರಬೇಕು. ತೀರಾ ಅಗ್ಗದ ಸರಕಿನಲ್ಲಿ ಸೆರಗಿನ ಹತ್ತಿರ ಉದ್ದ ಕದ್ದಿರುತ್ತಾರೆ. ಅದು ಗೊತ್ತಾಗುವುದು ಗಿರಾಕಿ ಉಟ್ಟಾಗ, ಬೈಗುಳ ಬರುವುದು ನಿಮಗೆ. ವಾಪಸಾತಿಯ ಆಸೆ ಇಲ್ಲಿ ಬೇಡ. ಆರುನೂರು ರೂಪಾಯಿಯ ಸೀರೆ ವಾಪಸ್ ಕಳಿಸುವ ಖರ್ಚೇ ಅದರ ಲಾಭವನ್ನು ನುಂಗುತ್ತದೆ.

ಮದುವೆಗೆ ಬಂದ ನೆಂಟರಿಗೆ ಉಡುಗೊರೆಯಾಗಿ ಕೊಡುವ ಸೀರೆ, ದಿನಬಳಕೆಯ ಸೀರೆ, ಸಂಘದ ಕಾರ್ಯಕ್ರಮಕ್ಕೆ ಎಲ್ಲರೂ ಒಂದೇ ಬಣ್ಣ ಉಡುವ ಸಮವಸ್ತ್ರದ ಸೀರೆ, ಇವುಗಳ ವ್ಯಾಪಾರ ಇರುವವರಿಗೆ ಸೂರತ್ ಬಿಟ್ಟರೆ ಬೇರೆ ದಾರಿ ಇಲ್ಲ. ಭಜನಾ ಮಂಡಳಿ, ಸ್ವಸಹಾಯ ಸಂಘಗಳ ಬೇಡಿಕೆಯನ್ನು ಮೊದಲೇ ಹಿಡಿದು, ಮುಂಗಡ ಪಡೆದು ತರಿಸುವುದಾದರೆ ಮೊದಲ ವರ್ಷವೇ ಹೋಗಬಹುದು, ಯಾಕೆಂದರೆ ಅಲ್ಲಿ ಉಳಿಕೆಯ ಭಯವಿಲ್ಲ. ಧಾರೆ ಸೀರೆಯ ರೇಷ್ಮೆ ಮಾತ್ರ ಬೇರೆಯೇ ಲೋಕ. ದೊಡ್ಡ ಮಳಿಗೆಗಳು ಮಂಗಳೂರು, ಉಡುಪಿ ಎರಡೂ ಕಡೆ ಬೇರೂರಿರುವಾಗ ಹೊಸ ಅಂಗಡಿ ಅದಕ್ಕೆ ಕೈಹಾಕದಿರುವುದು ಒಳ್ಳೆಯದು.

ಉಳಿದ ದಾರಿಗಳು

ಮುಂಬಯಿ. ತುಳುನಾಡಿನ ಯಾವ ಮನೆಗೆ ತಾನೇ ಅಲ್ಲಿ ನೆಂಟರಿಲ್ಲ? ವಸತಿ ಖರ್ಚು ಉಳಿಯುತ್ತದೆ, ಮತ್ಸ್ಯಗಂಧ ಎಕ್ಸ್‌ಪ್ರೆಸ್ ದಿನವೂ ಇದೆ. ತಾನ್ ಬಟ್ಟೆಗೆ, ಅಂದರೆ ಮೀಟರಿನ ಲೆಕ್ಕದಲ್ಲಿ ಕತ್ತರಿಸಿಕೊಡುವ ಹೊಲಿಯದ ಬಟ್ಟೆಗೆ, ಮಂಗಲ್‌ದಾಸ್ ಮಾರ್ಕೆಟ್, ಸೀರೆ ಮತ್ತು ಡ್ರೆಸ್ ಮೆಟೀರಿಯಲ್‌ಗೆ ದಾದರಿನ ಹಿಂದ್‌ಮಾತಾ, ಜೀನ್ಸಿಗೆ ಉಲ್ಲಾಸನಗರ. ಬೊಟಿಕ್ ಇಟ್ಟು ಹೊಲಿಸಿ ಮಾರುವವರಿಗೆ ಮುಂಬಯಿ ಒಳ್ಳೆಯ ಆಯ್ಕೆ. ಸಿದ್ಧ ಉಡುಪಿಗೆ ಬೆಂಗಳೂರನ್ನು ಮೀರಿಸುವ ಕಾರಣ ನನಗೆ ಕಾಣುವುದಿಲ್ಲ.

ಮೊಬೈಲಿನಲ್ಲಿ ಬರುವ ಕ್ಯಾಟಲಾಗ್ ನೋಡಿ ತರಿಸುವುದು ಇನ್ನೊಂದು ದಾರಿ. ಪ್ರಯಾಣದ ಖರ್ಚಿಲ್ಲ, ಎರಡು ಮೂರು ಸೆಟ್ ಬೇಕಾದರೂ ಸಿಗುತ್ತದೆ. ಆದರೆ ಬಟ್ಟೆಯನ್ನು ಕೈಯಲ್ಲಿ ಮುಟ್ಟದೆ ಕೊಳ್ಳುವ ವ್ಯಾಪಾರ ಇದು. ಒಂದೇ ಚಿತ್ರ ಇಟ್ಟುಕೊಂಡು ಬೇರೆ ಬೇರೆ ಗುಣಮಟ್ಟದ ನಕಲು ಮಾರುವವರಿದ್ದಾರೆ, ಮುಂಗಡ ಪಡೆದು ಫೋನ್ ಎತ್ತದವರೂ ಇದ್ದಾರೆ. ಕೊಡುವವರ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ಹೆಸರು, ವಿಳಾಸ, ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದು ಅಲ್ಲಿ ತಿಳಿಯುತ್ತದೆ. ಖುದ್ದಾಗಿ ಒಮ್ಮೆ ಹೋಗಿ ಖರೀದಿಸಿದ ವರ್ತಕರಿಂದ ಮರುಖರೀದಿಗೆ ಈ ದಾರಿ ಬಳಸಿದರೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ.

ಮಂಗಳೂರಿನಲ್ಲೇ ಇರುವ ಸಗಟು ವರ್ತಕರನ್ನು ಕಡೆಗಣಿಸುವವರು ಹೆಚ್ಚು. ಒಳಉಡುಪು, ಲುಂಗಿ, ಟವೆಲ್, ಕರವಸ್ತ್ರಗಳಂಥ ಕಡಿಮೆ ಲಾಭದ, ಆದರೆ ಅಂಗಡಿಯಲ್ಲಿ ಇರಲೇಬೇಕಾದ ಸರಕಿಗೆ ಇವರೇ ಸರಿ. ಬೆಳಗ್ಗೆ ಹೇಳಿದರೆ ಸಂಜೆಗೆ ಬರುತ್ತದೆ. ಇವಕ್ಕಾಗಿ ಬಂಡವಾಳ ಕಟ್ಟಿಹಾಕುವ ಅಗತ್ಯವೇ ಇಲ್ಲ.

ನಮ್ಮದೇ ಉಡುಪಿ ಸೀರೆಯ ಬಗ್ಗೆಯೂ ಹೇಳಲೇಬೇಕು. ಭೌಗೋಳಿಕ ಸೂಚಕದ ಮಾನ್ಯತೆ ಇರುವ ಈ ಹತ್ತಿಯ ಕೈಮಗ್ಗದ ಸೀರೆಯನ್ನು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘದಲ್ಲಿ ಈಗಲೂ ನೇಯುತ್ತಾರೆ. ಕಾರ್ಕಳದ ಕದಿಕೆ ಟ್ರಸ್ಟ್ ಅದರ ಪುನಶ್ಚೇತನಕ್ಕೆ ಕೆಲಸ ಮಾಡುತ್ತಿದೆ. ಸಗಟಿನ ಲೆಕ್ಕಕ್ಕೆ ಇದು ಒಗ್ಗುವುದಿಲ್ಲ. ಪೂರೈಕೆ ಕಡಿಮೆ, ಲಾಭದ ಅಂತರ ಸಣ್ಣದು, ಚೌಕಾಸಿ ಮಾಡುವುದು ನ್ಯಾಯವೂ ಅಲ್ಲ. ಆದರೆ ಕೈಮಗ್ಗದ ಬೆಲೆ ತಿಳಿದ ಗಿರಾಕಿಯನ್ನು ಅಂಗಡಿಗೆ ಕರೆತರಲು ಹತ್ತು ಉಡುಪಿ ಸೀರೆಗಳು ಸಾಕು. ನೇಕಾರರಿಗೆ ಹೊಸ ಅಂಗಡಿಯೊಂದು ಸಿಕ್ಕರೆ ನನಗೆ ಆಗುವ ಸಂತೋಷ ಬೇರೆಯದೇ.

ತೆರಿಗೆಯ ವಿಷಯ, ಚುಟುಕಾಗಿ

2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪಿನ ಬೆಲೆ ಪೀಸಿಗೆ 2,500 ರೂಪಾಯಿವರೆಗೆ ಇದ್ದರೆ ಜಿಎಸ್‌ಟಿ ಶೇ 5, ಅದಕ್ಕಿಂತ ಹೆಚ್ಚಾದರೆ ಶೇ 18. ಮೊದಲು ಈ ಗೆರೆ 1,000 ರೂಪಾಯಿಯಲ್ಲಿತ್ತು. ಸಣ್ಣ ಅಂಗಡಿಯ ಬಹುಪಾಲು ಸರಕು ಈಗ ಶೇ 5ರೊಳಗೇ ಬರುತ್ತದೆ. ಕರ್ನಾಟಕದೊಳಗೆ ಮಾತ್ರ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಹೊರರಾಜ್ಯದ ಗಿರಾಕಿಗೆ ಮಾರಿದರೆ ಕಡ್ಡಾಯ. ಕಾಸರಗೋಡಿನ ಕಡೆಗೆ ಕಳುಹಿಸುವ ಆಲೋಚನೆ ಇರುವವರು ಗಮನಿಸಬೇಕು. ನೋಂದಣಿ ಇಲ್ಲದಿದ್ದರೆ ಖರೀದಿಯ ಮೇಲೆ ಕೊಟ್ಟ ತೆರಿಗೆ ನಿಮ್ಮ ಖರ್ಚಾಗಿಯೇ ಉಳಿಯುತ್ತದೆ. ವಹಿವಾಟಿನ ಶೇ 1ನ್ನು ತೆರಿಗೆಯಾಗಿ ಕಟ್ಟುವ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯಲ್ಲೂ ಹಾಗೆಯೇ. ಐವತ್ತು ಸಾವಿರ ರೂಪಾಯಿ ಮೀರಿದ ಸರಕನ್ನು ಸಾಗಿಸಲು ಇ-ವೇ ಬಿಲ್, ಅಂದರೆ ಆನ್‌ಲೈನಿನಲ್ಲಿ ಪಡೆಯುವ ಸಾಗಣೆ ಪತ್ರ ಬೇಕು. ಬಿಲ್ಲಿಲ್ಲದೆ ಕೊಡುತ್ತೇವೆ, ಶೇ 5 ಉಳಿಯುತ್ತದೆ ಎನ್ನುವವರ ಮಾತಿಗೆ ಬೀಳಬೇಡಿ: ದಾರಿಯಲ್ಲಿ ತಡೆದರೆ ದಂಡ, ಸರಕು ಕಳೆದರೆ ಕೇಳುವ ಹಕ್ಕೂ ಇಲ್ಲ.

ಯಾರಿಗೆ ಯಾವುದು

ಸರಕಿಗೆಂದು ಎರಡು ಲಕ್ಷದೊಳಗೆ ಇಟ್ಟುಕೊಂಡವರು, ಮನೆಯಲ್ಲೇ ಶುರು ಮಾಡುವ ಗೃಹಿಣಿಯರು, ಚಿಕ್ಕಪೇಟೆಗೆ ಮಾತ್ರ ಹೋಗಿ. ಮೊದಲ ಖರೀದಿಗೆ ಹಣದ ಅರ್ಧಕ್ಕಿಂತ ಹೆಚ್ಚು ಹಾಕಬೇಡಿ. ಉಳಿದ ಅರ್ಧ ಯಾವುದು ಹೋಗುತ್ತದೆ ಎಂದು ತಿಳಿದ ಮೇಲಿನ ಎರಡನೆಯ ಖರೀದಿಗೆ.

ಐದು ಲಕ್ಷದ ಹತ್ತಿರ ಇದ್ದು, ಗಿರಾಕಿಗಳು ವಿದ್ಯಾರ್ಥಿಗಳು ಅಥವಾ ಯುವಕರಾದರೆ ತಿರುಪ್ಪೂರು ಮುಖ್ಯ, ಚಿಕ್ಕಪೇಟೆ ಜೊತೆಗೆ, ಜೀನ್ಸಿಗೆ ಬಳ್ಳಾರಿ. ಗಿರಾಕಿಗಳು ಮನೆಮಂದಿಯಾದರೆ ಚಿಕ್ಕಪೇಟೆ ಮುಖ್ಯ. ಟವೆಲ್, ಪಂಚೆ, ಬೆಡ್‌ಶೀಟಿಗೆ ವರ್ಷಕ್ಕೊಂದೆರಡು ಸಲ ಈರೋಡ್. ಹತ್ತು ಲಕ್ಷ ಮೀರಿದ ಬಂಡವಾಳ ಇದ್ದರೂ ಮೊದಲ ಸೂರತ್ ಪ್ರಯಾಣವನ್ನು ಒಂದು ಹಬ್ಬದ ಋತು ಕಳೆಯುವವರೆಗೆ ತಡೆದುಕೊಳ್ಳಿ. ಸಂಘ ಸಂಸ್ಥೆಗಳ ಮುಂಗಡ ಬೇಡಿಕೆ ಕೈಯಲ್ಲಿರುವವರಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ.

ತೆರೆಯುವ ಕಾಲವೂ ಆಯ್ಕೆಯನ್ನು ಬದಲಿಸುತ್ತದೆ. ತುಳುವರ ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮದುವೆಯಿಲ್ಲ, ಮಳೆಯಲ್ಲಿ ಪೇಟೆಗೆ ಬರುವವರೂ ಕಡಿಮೆ. ಆಗ ಅಂಗಡಿ ತುಂಬಿಸಿಟ್ಟರೆ ತೇವಕ್ಕೆ ಬಟ್ಟೆಯ ಮಡಿಕೆಯಲ್ಲಿ ಬೂಷ್ಟು ಹಿಡಿಯುತ್ತದೆ, ಗಂಜಿ ಹಾಕಿದ ಹತ್ತಿಗಂತೂ ಬೇಗ. ಅದರ ಮುಂದಿನ ಸೋಣ ತಿಂಗಳಿಂದ ವ್ಯಾಪಾರ ಏಳುತ್ತದೆ: ಅಷ್ಟಮಿ, ಚೌತಿ, ಕ್ರೈಸ್ತರ ಮೊಂತಿ ಹಬ್ಬ, ನವರಾತ್ರಿ, ದೀಪಾವಳಿ, ಕ್ರಿಸ್‌ಮಸ್ ಒಂದರ ಹಿಂದೆ ಒಂದು. ಈದ್ ವರ್ಷವರ್ಷವೂ ಹಿಂದೆ ಸರಿಯುವುದರಿಂದ ಅದರ ತಿಂಗಳನ್ನು ಪಂಚಾಂಗದಲ್ಲಿ ನೋಡಿಯೇ ಖರೀದಿ ನಿಶ್ಚಯಿಸಬೇಕು. ಆಗಸ್ಟ್ ಕೊನೆಗೆ ತೆರೆಯುವವರು ಜುಲೈಯಲ್ಲೇ ತಿರುಪ್ಪೂರಿನ ಸರಕು ತರಿಸಿ, ಪ್ಲಾಸ್ಟಿಕ್ ಚೀಲ ಬಿಚ್ಚದೆ ನೆಲದಿಂದ ಅಡಿಯೆತ್ತರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಲಿ. ಚಿಕ್ಕಪೇಟೆಯ ಖರೀದಿ ತೆರೆಯುವ ದಿನಕ್ಕೆ ಎರಡು ವಾರ ಇರುವಾಗ ಸಾಕು.